ನಿಂತರೆ ಕಣ್ಣು ಕತ್ತಲೆ, ಪಾದಕ್ಕೆ ಜೋಮು: ದೋಷ ಬಿ.ಪಿ. ಮಾತ್ರೆಯದೋ, ಜೀವಸತ್ವದ ಕೊರತೆಯದೋ?

ಓದುಗರ ಪ್ರಶ್ನೆ – ವೈದ್ಯರ ಉತ್ತರ

ಪ್ರಶ್ನೆ: ಮಾನ್ಯ ಡಾಕ್ಟರೇ, ನನ್ನ ತಾಯಿಗೆ 64 ವರ್ಷ. ಹನ್ನೊಂದು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಐದು ವರ್ಷಗಳಿಂದ ರಕ್ತದೊತ್ತಡಕ್ಕೆ ಒಂದು ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ನಮ್ಮದು ಸಸ್ಯಾಹಾರಿ ಮನೆ. ಒಂದು ವರ್ಷದಿಂದ ಅವರ ಎರಡೂ ಪಾದಗಳಿಗೆ ಜೋಮು ಹಿಡಿದಂತಾಗಿದೆ. ಹವಾಯಿ ಚಪ್ಪಲಿ ಕಾಲಿನಿಂದ ಕಳಚಿ ಹಿಂದೆ ಉಳಿದರೂ ಗೊತ್ತಾಗದೆ ನಾಲ್ಕು ಹೆಜ್ಜೆ ಮುಂದೆ ಹೋಗಿರುತ್ತಾರೆ. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಕಣ್ಣು ಕತ್ತಲೆ ಬರುತ್ತದೆ. ಕಳೆದ ತಿಂಗಳು ಬಚ್ಚಲುಮನೆಯಲ್ಲಿ ನಿಂತು ಮುಖ ತೊಳೆಯುತ್ತಿದ್ದಾಗ ಬಿದ್ದರು. ಆಸ್ಪತ್ರೆಯಲ್ಲಿ ಕೂರಿಸಿ ನೋಡಿದಾಗ ಬಿ.ಪಿ. 146/88 ಇತ್ತು. ಬಿ.ಪಿ. ಏರಿಯೇ ತಲೆ ಸುತ್ತುತ್ತಿದೆ, ಮಾತ್ರೆ ಹೆಚ್ಚಿಸಬೇಕು ಎಂದು ಸೋದರಮಾವ ಹೇಳುತ್ತಾರೆ. ಮಾತ್ರೆಯಿಂದಲೇ ಹೀಗಾಗಿದೆ, ನಿಲ್ಲಿಸಿಬಿಡಿ ಎಂದು ಚಿಕ್ಕಮ್ಮ ಹೇಳುತ್ತಾರೆ. ರಕ್ತ ಪರೀಕ್ಷೆಯಲ್ಲಿ ಬಿ12 ಪ್ರಮಾಣ 142 ಎಂದೂ ಹಿಮೋಗ್ಲೋಬಿನ್ 12.1 ಎಂದೂ ಬಂದಿದೆ. ರಕ್ತಹೀನತೆಯೇ ಇಲ್ಲದ ಮೇಲೆ ಬಿ12 ಕೊರತೆಗೆ ಅಷ್ಟೊಂದು ಮಹತ್ವ ಕೊಡಬೇಕೇ? ಜೀವಸತ್ವಕ್ಕೂ ರಕ್ತದೊತ್ತಡಕ್ಕೂ ನಿಜವಾಗಿ ಸಂಬಂಧವಿದೆಯೇ?
– ಓದುಗರೊಬ್ಬರು, ಶಿರಸಿ

ಉತ್ತರ: ಸಂಬಂಧವಿದೆ, ಆದರೆ ನಡುವೆ ನರಗಳಿವೆ. ನಿಮ್ಮ ತಾಯಿಯವರ ಪಾದದ ಜೋಮು, ಏಳುವಾಗಿನ ಕಣ್ಣುಕತ್ತಲೆ, ಬಚ್ಚಲುಮನೆಯ ಬೀಳು, ಈ ಮೂರನ್ನೂ ಒಂದೇ ಎಳೆಯಲ್ಲಿ ಪೋಣಿಸಿ ನೋಡಬೇಕಾಗಿದೆ. ಮಾತ್ರೆ ಹೆಚ್ಚಿಸುವ ಅಥವಾ ನಿಲ್ಲಿಸುವ ತೀರ್ಮಾನವನ್ನು ಅದಕ್ಕೆ ಮೊದಲು ಯಾರೂ ತೆಗೆದುಕೊಳ್ಳಬಾರದು, ಮನೆಯ ಹಿರಿಯರಂತೂ ಖಂಡಿತ ತೆಗೆದುಕೊಳ್ಳಬಾರದು.

ನಾವು ಮಲಗಿದ್ದವರು ಎದ್ದು ನಿಂತೊಡನೆ ಅರ್ಧ ಲೀಟರಿಗೂ ಮಿಕ್ಕಿದ ರಕ್ತ ಹೊಟ್ಟೆ ಮತ್ತು ಕಾಲುಗಳ ರಕ್ತನಾಳಗಳಿಗೆ ಇಳಿಯುತ್ತದೆ. ಕುತ್ತಿಗೆಯ ದೊಡ್ಡ ಅಪಧಮನಿಯಲ್ಲೂ ಹೃದಯದಿಂದ ಹೊರಡುವ ಮಹಾಧಮನಿಯಲ್ಲೂ ಇರುವ ಒತ್ತಡಗ್ರಾಹಿಗಳು ಈ ಇಳಿತವನ್ನು ಗುರುತಿಸಿ ಮಿದುಳಿನ ಬುಡಕ್ಕೆ ಸುದ್ದಿ ಮುಟ್ಟಿಸುತ್ತವೆ. ಅಲ್ಲಿಂದ ಬೆನ್ನುಹುರಿಯ ಮೂಲಕ ಹೊರಡುವ ಸ್ವಯಂಚಾಲಿತ ನರಗಳು ತಮ್ಮ ತುದಿಯಲ್ಲಿ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕವನ್ನು ಬಿಟ್ಟು ಕಾಲಿನ ರಕ್ತನಾಳಗಳನ್ನು ಬಿಗಿಗೊಳಿಸುತ್ತವೆ ಮತ್ತು ನಾಡಿಬಡಿತವನ್ನು ತುಸು ಹೆಚ್ಚಿಸುತ್ತವೆ. ಇಷ್ಟೂ ಕೆಲಸ ಕೆಲವೇ ಸೆಕೆಂಡುಗಳಲ್ಲಿ, ನಮ್ಮ ಅರಿವಿಗೆ ಬಾರದಂತೆ ಮುಗಿದುಹೋಗುತ್ತದೆ. ಈ ನರಗಳು ಸೊರಗಿದ್ದರೆ ರಕ್ತ ಕೆಳಗೇ ಉಳಿಯುತ್ತದೆ, ಮಿದುಳಿಗೆ ಸಾಲದಾಗುತ್ತದೆ, ಕಣ್ಣು ಕತ್ತಲೆ ಕವಿಯುತ್ತದೆ. ನಿಂತ ಮೂರು ನಿಮಿಷಗಳೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ ಅದನ್ನು ನಿಂತಾಗಿನ ರಕ್ತದೊತ್ತಡ ಕುಸಿತ ಎಂದು ಕರೆಯುತ್ತೇವೆ.

ಇಲ್ಲಿಗೆ ಬಿ12 ಹೇಗೆ ಬಂತು ಎಂದರೆ, ವಿದ್ಯುತ್ ತಂತಿಯ ಮೇಲಿನ ಪ್ಲಾಸ್ಟಿಕ್ಕಿನ ಹಾಗೆ ನರತಂತುಗಳ ಮೇಲೆ ಮೈಲಿನ್ ಎಂಬ ಕೊಬ್ಬಿನ ಹೊದಿಕೆಯಿದೆ. ಅದು ಸರಿಯಾಗಿ ಕಟ್ಟಿಕೊಳ್ಳುವುದಕ್ಕೂ ಕೆಡದೆ ಉಳಿಯುವುದಕ್ಕೂ ಬಿ12 ಬೇಕು. ಕೊರತೆ ತಿಂಗಳುಗಟ್ಟಲೆ ಮುಂದುವರಿದರೆ ಮೊದಲು ಕೆಡುವುದು ಸಾಮಾನ್ಯವಾಗಿ ಕಾಲಿನ ಉದ್ದನೆಯ ನರಗಳು ಮತ್ತು ಬೆನ್ನುಹುರಿಯ ಹಿಂಭಾಗದ ಎಳೆಗಳು. ಕಾಲು ಎಲ್ಲಿದೆ, ನೆಲ ಗಟ್ಟಿಯೋ ಮೆತ್ತಗೋ ಎಂಬ ತಿಳಿವು ಮಿದುಳಿಗೆ ಹೋಗುವುದು ಈ ಹಿಂಭಾಗದ ದಾರಿಯಿಂದ. ಆ ದಾರಿ ಮಸುಕಾದವರು ಹಗಲಲ್ಲಿ ಕಣ್ಣಿನ ಸಹಾಯದಿಂದ ಹೇಗೋ ನಡೆದುಬಿಡುತ್ತಾರೆ; ಕತ್ತಲಲ್ಲಿ, ಇಲ್ಲವೇ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ, ಆ ಆಸರೆಯೂ ತಪ್ಪಿ ಓಲಾಡುತ್ತಾರೆ. ಮುಖ ತೊಳೆಯುವಾಗ ಬಿದ್ದರು ಎಂಬ ನಿಮ್ಮ ಒಂದು ಸಾಲು, ಕಳಚಿದ ಚಪ್ಪಲಿಯ ಇನ್ನೊಂದು ಸಾಲು, ಎರಡೂ ನನಗೆ 142 ಎಂಬ ಅಂಕಿಗಿಂತ ಹೆಚ್ಚು ಹೇಳಿದವು. ಸ್ವಯಂಚಾಲಿತ ನರಗಳೂ ಇದೇ ಕೊರತೆಗೆ ಸಿಲುಕುವುದುಂಟು. ಬಿ12 ಕೊರತೆಯಿಂದ ನಿಂತಾಗ ಬಿ.ಪಿ. ಕುಸಿಯುತ್ತಿದ್ದವರಲ್ಲಿ, ಬಿ12 ಕೊಟ್ಟ ಮೇಲೆ ಅದು ಸರಿಹೋದದ್ದೂ ಉಂಟು.

ಆದರೆ ಒಂದು ಎಚ್ಚರಿಕೆಯಿದೆ. ಹನ್ನೊಂದು ವರ್ಷದ ಸಕ್ಕರೆ ಕಾಯಿಲೆಯೊಂದೇ ಸಾಕು, ಪಾದಕ್ಕೆ ಜೋಮನ್ನೂ ನಿಂತಾಗಿನ ಕುಸಿತವನ್ನೂ ತರಲು. ಆದ್ದರಿಂದ ಎಲ್ಲ ತಪ್ಪನ್ನೂ ಬಿ12 ಮೇಲೆ ಹೊರಿಸಲಾರೆ. ಎರಡೂ ಸೇರಿರುವ ಸಂಭವವೇ ಹೆಚ್ಚು. ಸಕ್ಕರೆ ಕಾಯಿಲೆಯಿಂದ ಕೆಟ್ಟ ನರವನ್ನು ಹಿಂದಕ್ಕೆ ತರುವುದು ಕಷ್ಟ, ಬಿ12 ಕೊರತೆಯನ್ನು ತುಂಬಿಸುವುದು ಸುಲಭ. ಹಾಗಾಗಿ ಸುಲಭವಾದದ್ದನ್ನು ತಡಮಾಡದೆ ಮಾಡಬೇಕು.

ಹಿಮೋಗ್ಲೋಬಿನ್ ಚೆನ್ನಾಗಿದೆ ಎಂದು ಸಮಾಧಾನಪಡುವುದೇ ಈ ಕಾಯಿಲೆಯಲ್ಲಿ ಅನೇಕರು ಎಡವುವ ಜಾಗ. ರಕ್ತ ಕೆಡದೆಯೇ ನರ ಕೆಡಬಹುದು. ರಕ್ತಕಣಗಳು ಉಬ್ಬುವುದು ಬಿ12 ಕೊರತೆಯ ಹಳೆಯ ಗುರುತು. ಆದರೆ ಕಬ್ಬಿಣದ ಅಂಶವೂ ಕಡಿಮೆಯಿರುವ ನಮ್ಮ ಹೆಂಗಸರಲ್ಲಿ ಒಂದು ಕೊರತೆ ಕಣವನ್ನು ಉಬ್ಬಿಸಿದರೆ ಇನ್ನೊಂದು ಕುಗ್ಗಿಸಿ, ವರದಿಯಲ್ಲಿ ಎಲ್ಲ ಸರಿಯಾಗಿರುವಂತೆ ಕಾಣಿಸುತ್ತದೆ. ಇನ್ನೂ ಒಂದು ಮೋಸವಿದೆ: ಬಿ12 ಕೊರತೆಯಿದ್ದವರು ಫೋಲಿಕ್ ಆಮ್ಲವನ್ನು ಮಾತ್ರ ತೆಗೆದುಕೊಂಡರೆ ರಕ್ತಹೀನತೆ ಸುಧಾರಿಸುತ್ತದೆ, ಒಳಗೆ ನರಗಳ ಹಾನಿ ಮಾತ್ರ ಮುಂದುವರಿಯುತ್ತದೆ. ರಕ್ತದಲ್ಲಿ ಬಿ12 ಒಂದು ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಕೊರತೆಯೆಂದೇ ಹಿಡಿಯುತ್ತೇವೆ. 200ರಿಂದ 300ರ ನಡುವೆ ಇದ್ದರೆ, ಬಿ12 ಸಾಲದಾದಾಗ ರಕ್ತದಲ್ಲಿ ಏರುವ ಮೀಥೈಲ್‌ಮಲೋನಿಕ್ ಆಮ್ಲ, ಹೋಮೋಸಿಸ್ಟೀನ್ ಎಂಬ ವಸ್ತುಗಳ ಪರೀಕ್ಷೆಗಳು ನೆರವಾಗುತ್ತವೆ. ನಿಮ್ಮ ತಾಯಿಯವರ 142ಕ್ಕೆ ಆ ಖರ್ಚಿನ ಅಗತ್ಯ ನನಗೆ ಕಾಣುವುದಿಲ್ಲ.

ಕೊರತೆ ಏಕೆ ಬಂತು ಎಂಬುದಕ್ಕೆ ನಿಮ್ಮ ಪತ್ರದಲ್ಲೇ ಎರಡು ಉತ್ತರಗಳಿವೆ. ಬಿ12 ಅನ್ನು ಗಿಡವೂ ತಯಾರಿಸುವುದಿಲ್ಲ, ಪ್ರಾಣಿಯೂ ತಯಾರಿಸುವುದಿಲ್ಲ. ಅದು ಬ್ಯಾಕ್ಟೀರಿಯಾಗಳ ಉತ್ಪನ್ನ, ನಮಗೆ ಸಿಗುವುದು ಹಾಲು, ಮೊಟ್ಟೆ, ಮೀನು, ಮಾಂಸಗಳ ಮೂಲಕ. ಸೊಪ್ಪು, ಕಾಳು, ಮೊಳಕೆ ಎಷ್ಟು ತಿಂದರೂ ಈ ಕೊರತೆ ನೀಗದು. ದಿನಕ್ಕೆ ಬೇಕಾದದ್ದು ಸುಮಾರು ಎರಡೂವರೆ ಮೈಕ್ರೋಗ್ರಾಂ ಮಾತ್ರ, ಅರ್ಧ ಲೀಟರ್ ಹಾಲಿನಲ್ಲಿ ಹೆಚ್ಚುಕಡಿಮೆ ಎರಡು ಮೈಕ್ರೋಗ್ರಾಂ ಇರುತ್ತದೆ. ಆದರೆ ಸಸ್ಯಾಹಾರಿ ಮನೆಯ ಹಿರಿಯ ಹೆಂಗಸು ಕುಡಿಯುವುದು ಅರ್ಧ ಲೀಟರ್ ಹಾಲನ್ನಲ್ಲ. ಹಾಲನ್ನು ಮೊಮ್ಮಕ್ಕಳಿಗೆ ಬಗ್ಗಿಸಿ, ಗಟ್ಟಿ ಮೊಸರನ್ನು ಗಂಡಸರಿಗೆ ಬಡಿಸಿ, ತಾನು ಕೊನೆಗೆ ಅನ್ನಕ್ಕೆ ಕಲಸಿಕೊಳ್ಳುವುದು ನೀರು ಮಜ್ಜಿಗೆಯನ್ನು. “ನಾವು ಹಾಲು-ಮೊಸರು ಚೆನ್ನಾಗಿ ತಿನ್ನುವವರು” ಎಂದು ರೋಗಿಯ ಮನೆಯವರು ಹೇಳಿದಾಗಲೆಲ್ಲ ನಾನು ರೋಗಿಯ ಲೋಟದಲ್ಲಿ ಏನಿತ್ತು ಎಂದು ಕೇಳುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಎರಡನೆಯ ಕಾರಣ ಮೆಟ್‌ಫಾರ್ಮಿನ್. ಇದು ಸಣ್ಣಕರುಳಿನ ಕೊನೆಯ ಭಾಗದಲ್ಲಿ ಬಿ12 ಹೀರಿಕೆಗೆ ಅಡ್ಡಿಯಾಗುತ್ತದೆ. ಪ್ರಮಾಣ ಹೆಚ್ಚಿದಷ್ಟೂ, ವರ್ಷಗಳು ಉರುಳಿದಷ್ಟೂ ಈ ಅಡ್ಡಿ ಹೆಚ್ಚು. ಈ ಮಾತ್ರೆ ನುಂಗುವವರಲ್ಲಿ ಲಕ್ಷಣಗಳು ಕಂಡರೆ ಬಿ12 ಪರೀಕ್ಷಿಸಬೇಕೆಂದು ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ವೈದ್ಯರಿಗೆ ಸೂಚಿಸಿತು. ಎದೆಯುರಿಗೆಂದು ವರ್ಷಗಟ್ಟಲೆ ಪ್ಯಾಂಟೊಪ್ರಜೋಲ್‌ನಂಥ ಮಾತ್ರೆ ನುಂಗುವ ಅಭ್ಯಾಸವೂ ಇದ್ದರೆ ಅದೂ ಒಂದು ಕಾರಣವಾಗುತ್ತದೆ, ಏಕೆಂದರೆ ಆಹಾರದಿಂದ ಬಿ12 ಬಿಡಿಸಿಕೊಳ್ಳಲು ಜಠರದ ಆಮ್ಲ ಬೇಕು. ಹಾಗೆಂದು ಮೆಟ್‌ಫಾರ್ಮಿನ್ ನಿಲ್ಲಿಸಬೇಡಿ. ಅದನ್ನು ಮುಂದುವರಿಸಿಯೇ ಬಿ12 ತುಂಬಿಸಬಹುದು. ಯಕೃತ್ತಿನಲ್ಲಿ ಬಿ12 ದಾಸ್ತಾನು ಮೂರರಿಂದ ಐದು ವರ್ಷಕ್ಕಾಗುವಷ್ಟು ಇರುವುದರಿಂದ ಕೊರತೆ ಸದ್ದಿಲ್ಲದೆ ಬೆಳೆಯುತ್ತದೆ, ಬೆಳಕಿಗೆ ಬರುವ ಹೊತ್ತಿಗೆ ಹಳೆಯದಾಗಿರುತ್ತದೆ.

ಈಗ ಮಾಡಬೇಕಾದದ್ದು ಇಷ್ಟು. ತಾಯಿಯವರನ್ನು ಐದು ನಿಮಿಷ ಮಲಗಿಸಿ ಬಿ.ಪಿ. ಮತ್ತು ನಾಡಿ ನೋಡಿಸಿ. ಎದ್ದು ನಿಂತ ಒಂದು ನಿಮಿಷಕ್ಕೆ, ಮತ್ತೆ ಮೂರು ನಿಮಿಷಕ್ಕೆ ನೋಡಿಸಿ. ಆಗ ಪಕ್ಕದಲ್ಲಿ ಹಿಡಿದುಕೊಳ್ಳಲು ಒಬ್ಬರು ಇರಲೇಬೇಕು. ಬಿ.ಪಿ. ಇಳಿದು ನಾಡಿಯೂ ಚುರುಕಾಗಿ ಏರಿದರೆ ದೇಹದಲ್ಲಿ ನೀರು ಕಡಿಮೆಯಾಗಿರಬಹುದು, ಇಲ್ಲವೇ ಮಾತ್ರೆ ಹೆಚ್ಚಾಗಿರಬಹುದು, ಬಿ.ಪಿ. ಇಳಿದರೂ ನಾಡಿ ಇದ್ದಲ್ಲೇ ಇದ್ದರೆ ನರಗಳ ಮೇಲೆ ಅನುಮಾನ ಬಲವಾಗುತ್ತದೆ. ಇಂಥವರಲ್ಲಿ ಮಲಗಿದಾಗ ಬಿ.ಪಿ. ಹೆಚ್ಚು, ನಿಂತಾಗ ಕಡಿಮೆ, ಎರಡೂ ಒಂದೇ ದಿನ ಕಾಣಿಸುತ್ತವೆ. ಆದುದರಿಂದ ಕೂರಿಸಿ ನೋಡಿದ 146 ಅನ್ನು ನಂಬಿ ಮಾತ್ರೆ ಹೆಚ್ಚಿಸಿದರೆ ಮತ್ತೊಮ್ಮೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾರು. ಹೆದರಿ ಮಾತ್ರೆ ನಿಲ್ಲಿಸಿದರೆ ಮಲಗಿದಾಗಿನ ಒತ್ತಡ ಮಿದುಳಿಗೂ ಮೂತ್ರಪಿಂಡಕ್ಕೂ ಕೇಡಾದೀತು. ಅವರ ಬಿ.ಪಿ. ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧ ಬೆರೆತಿದೆಯೇ ಎಂಬುದನ್ನು ವೈದ್ಯರು ನೋಡಿ, ಯಾವ ಮಾತ್ರೆ, ಯಾವ ಹೊತ್ತಿಗೆ ಎಂಬುದನ್ನು ಬದಲಿಸುತ್ತಾರೆ.

ನರಗಳ ಲಕ್ಷಣವಿರುವುದರಿಂದ ಆರಂಭದಲ್ಲಿ ಇಂಜೆಕ್ಷನ್ನೇ ಮೇಲು. ಅದರೊಳಗಿನ ಕೆಂಪು ದ್ರವ ನೋಡಿ “ರಕ್ತದ ಸೂಜಿ” ಎನ್ನುವವರಿದ್ದಾರೆ. ಆ ಬಣ್ಣ ಬಿ12 ಅಣುವಿನ ನಡುವೆ ಕೋಬಾಲ್ಟ್ ಇರುವುದರಿಂದ ಬಂದದ್ದು. ಆಮೇಲೆ 1000 ಮೈಕ್ರೋಗ್ರಾಂ ಮಾತ್ರೆಗೆ ಬದಲಾಗಬಹುದು. ಅಷ್ಟು ದೊಡ್ಡ ಪ್ರಮಾಣ ನುಂಗಿದಾಗ ಹೀರಿಕೆಯ ಮುಖ್ಯ ದಾರಿ ಕೆಟ್ಟಿದ್ದರೂ ನೂರಕ್ಕೆ ಒಂದು ಭಾಗ ತಾನಾಗಿ ಒಳಸೇರುತ್ತದೆ, ಅಂದರೆ ಹತ್ತು ಮೈಕ್ರೋಗ್ರಾಂ, ದಿನದ ಅಗತ್ಯಕ್ಕೆ ಧಾರಾಳ. ರಕ್ತ ವಾರದಲ್ಲೇ ಸ್ಪಂದಿಸುತ್ತದೆ, ನರ ತಿಂಗಳುಗಳನ್ನು ಕೇಳುತ್ತದೆ. ಮೊದಲ ವಾರಗಳಲ್ಲಿ ಜುಮ್ಮೆನ್ನುವುದು ಹೆಚ್ಚಾದರೂ ಚಿಕಿತ್ಸೆ ಬಿಡಬಾರದು. ಜೋಮು ಶುರುವಾಗಿ ಒಂದು ವರ್ಷವಾಗಿರುವುದರಿಂದ ಪೂರ್ತಿ ಹೋಗುತ್ತದೆ ಎಂಬ ಭರವಸೆಯನ್ನು ನಾನು ಕೊಡಲಾರೆ. ಮುಂದುವರಿಯದಂತೆ ತಡೆಯಬಹುದು, ಬಹಳಷ್ಟು ಸುಧಾರಿಸಲೂಬಹುದು. ಅಲ್ಲಿಯವರೆಗೆ ರಾತ್ರಿ ಬಚ್ಚಲುಮನೆಯ ದೀಪ ಆರಿಸಬೇಡಿ, ಮುಖ ತೊಳೆಯುವಲ್ಲಿ ಒಂದು ಸ್ಟೂಲು ಇಡಿ, ಏಳುವಾಗ ಹಾಸಿಗೆಯ ಅಂಚಿನಲ್ಲಿ ಎರಡು ನಿಮಿಷ ಕಾಲು ಇಳಿಬಿಟ್ಟು ಕುಳಿತು ಏಳಲಿ.

ಪ್ರಶ್ನೆ: ನನಗೆ 41 ವರ್ಷ, ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸ. ಮೂರು ತಿಂಗಳಿಂದ ಬಿ.ಪಿ. 152/96ರ ಆಸುಪಾಸಿನಲ್ಲಿದೆ. ವಿಟಮಿನ್ ಡಿ 14 ಇದೆ. ಡಿ ಕೊರತೆಯಿಂದಲೇ ಬಿ.ಪಿ. ಏರುತ್ತದೆ, ಅದನ್ನು ಸರಿಪಡಿಸಿದರೆ ಮಾತ್ರೆಯೇ ಬೇಡ ಎಂದು ಸ್ನೇಹಿತರೊಬ್ಬರು ಹೇಳಿ, 60,000 ಯೂನಿಟ್ಟಿನ ಪುಡಿ ಕೊಡಿಸಿದ್ದಾರೆ. ಬಿ.ಪಿ. ಮಾತ್ರೆಯನ್ನು ಮುಂದೂಡಬಹುದೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಮುಂದೂಡಬೇಡಿ. ನಿಮ್ಮ ಸ್ನೇಹಿತರ ಮಾತಿಗೆ ಬುಡವೇ ಇಲ್ಲವೆಂದಲ್ಲ. ಮೂತ್ರಪಿಂಡದಿಂದ ಹೊರಡುವ ರೆನಿನ್ ಎಂಬ ವಸ್ತು ರಕ್ತದೊತ್ತಡ ಏರಿಸುವ ಸರಪಳಿಯ ಮೊದಲ ಕೊಂಡಿ, ವಿಟಮಿನ್ ಡಿ ಅದನ್ನು ಹದ್ದಿನಲ್ಲಿಡುತ್ತದೆ ಎಂಬುದು ಪ್ರಯೋಗಾಲಯದ ಇಲಿಗಳಲ್ಲಿ ಕಂಡುಬಂದಿದೆ. ಡಿ ಕಡಿಮೆಯಿರುವ ಜನರಲ್ಲಿ ಬಿ.ಪಿ. ಹೆಚ್ಚಿರುವುದೂ ನಿಜ. ಆದರೆ ಬಿಸಿಲು ಕಾಣದೆ ಇಡೀ ದಿನ ಕುಳಿತು ತೂಕ ಏರಿಸಿಕೊಂಡವರಲ್ಲಿ ಡಿಯೂ ಕಡಿಮೆಯಿರುತ್ತದೆ, ಬಿ.ಪಿ.ಯೂ ಹೆಚ್ಚಿರುತ್ತದೆ, ಒಂದು ಇನ್ನೊಂದಕ್ಕೆ ಕಾರಣವಾಗಬೇಕೆಂದಿಲ್ಲ. ಜನರಿಗೆ ಡಿ ಕೊಟ್ಟು ನೋಡಿದ ಪ್ರಯೋಗಗಳನ್ನು ಒಟ್ಟಾಗಿ ನೋಡಿದಾಗ ಬಿ.ಪಿ. ಹೇಳಿಕೊಳ್ಳುವಷ್ಟು ಇಳಿದದ್ದು ಕಾಣುವುದಿಲ್ಲ. ಒಂದು ಮಿಲಿಲೀಟರಿಗೆ 14 ನ್ಯಾನೋಗ್ರಾಂ ಎಂಬುದು ಕೊರತೆಯೇ, ಮೂಳೆ ಮತ್ತು ಸ್ನಾಯುಗಳ ಸಲುವಾಗಿ ಅದನ್ನು ಸರಿಪಡಿಸಿಕೊಳ್ಳಿ. ಬಿ.ಪಿ.ಗೆ ಅದು ಬದಲಿ ಮದ್ದಲ್ಲ.

ಆ ಪುಡಿಯ ವಿಷಯದಲ್ಲಿ ಮಾತ್ರ ಜೋಪಾನ. 60,000 ಯೂನಿಟ್ಟಿನದು ವಾರಕ್ಕೊಂದು, ಅದೂ ವೈದ್ಯರು ಹೇಳಿದಷ್ಟು ವಾರ. ವಾರಕ್ಕೊಂದು ಎಂಬುದನ್ನು ದಿನಕ್ಕೊಂದು ಎಂದು ತಿಳಿದು ತಿಂಗಳುಗಟ್ಟಲೆ ಹಾಲಿಗೆ ಬೆರೆಸಿ ಕುಡಿದವರಲ್ಲಿ ರಕ್ತದ ಕ್ಯಾಲ್ಸಿಯಂ ವಿಪರೀತ ಏರಿ, ವಾಂತಿ, ಮಲಬದ್ಧತೆ, ಮಂಕು, ಮೂತ್ರಪಿಂಡಕ್ಕೆ ಪೆಟ್ಟು, ಇವೆಲ್ಲ ಆಗುತ್ತವೆ. ಕ್ಯಾಲ್ಸಿಯಂ ಏರಿದರೆ ರಕ್ತನಾಳಗಳು ಬಿಗಿಯುವುದರಿಂದ, ಇಳಿಸಲು ಹೊರಟ ಬಿ.ಪಿ.ಯೇ ಏರುವುದೂ ಉಂಟು. ನಿಮ್ಮಂಥವರ ಬಿ.ಪಿ.ಯ ಮೇಲೆ ನಿಜಕ್ಕೂ ಪ್ರಭಾವ ಬೀರುವ ವಸ್ತು ಅಡುಗೆಮನೆಯ ಉಪ್ಪಿನ ಡಬ್ಬಿಯಲ್ಲಿದೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕೆ ಮೀರದಷ್ಟು ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ, ಬೇಕರಿಯ ಖಾರ ಬನ್ನು, ಎಲ್ಲವೂ ಆ ಚಮಚದ ಲೆಕ್ಕಕ್ಕೇ ಸೇರಬೇಕು.

ಪ್ರಶ್ನೆ: ನನ್ನ ತಮ್ಮ ಹಲವು ವರ್ಷಗಳಿಂದ ವಿಪರೀತ ಕುಡಿಯುತ್ತಾನೆ, ಊಟ ಅಷ್ಟಕ್ಕಷ್ಟೆ. ಈಗ ಕಾಲು ಬಾತುಕೊಂಡಿದೆ, ಪಾದ ಉರಿಯುತ್ತದೆ, ನಡೆದರೆ ಏದುಸಿರು. ಹಿಂದೆ ಬೆಳ್ತಿಗೆ ಅಕ್ಕಿ ತಿನ್ನುವವರಿಗೆ ಇಂಥ ಕಾಯಿಲೆ ಬರುತ್ತಿತ್ತು, ಕುಚ್ಚಲಕ್ಕಿ ಗಂಜಿ ಕೊಡು ಎಂದು ನಮ್ಮ ಅಜ್ಜಿ ಹೇಳುತ್ತಾರೆ. ಇದರಲ್ಲಿ ಹುರುಳಿದೆಯೇ?
– ಓದುಗರೊಬ್ಬರು, ಕುಂದಾಪುರ

ಉತ್ತರ: ನಿಮ್ಮ ಅಜ್ಜಿಯವರ ಮಾತಿನಲ್ಲಿ ನೊಬೆಲ್ ಪ್ರಶಸ್ತಿಗೆ ತಕ್ಕಷ್ಟು ಹುರುಳಿದೆ. 1890ರ ಆಸುಪಾಸಿನಲ್ಲಿ ಜಾವಾ ದ್ವೀಪದ ಸೇನಾ ಆಸ್ಪತ್ರೆಯಲ್ಲಿ ಕ್ರಿಸ್ಟಿಯಾನ್ ಐಕ್ಮನ್ ಎಂಬ ಡಚ್ ವೈದ್ಯರು, ತಾವು ಸಾಕಿದ ಕೋಳಿಗಳು ಕಾಲು ಸೋತು ಬೀಳುವುದನ್ನು ಕಂಡರು. ಕೆಲವು ತಿಂಗಳ ಮೇಲೆ ಅವು ತಾವಾಗಿಯೇ ಚೇತರಿಸಿಕೊಂಡವು. ವಿಚಾರಿಸಿದಾಗ ತಿಳಿದದ್ದು, ಆಸ್ಪತ್ರೆಯ ಅಡುಗೆಮನೆಯಲ್ಲಿ ಉಳಿದ ಬಿಳಿ ಅನ್ನವನ್ನು ಕೋಳಿಗಳಿಗೆ ಹಾಕುತ್ತಿದ್ದ ಕಾಲದಲ್ಲಿ ಅವು ಬಿದ್ದಿದ್ದವು, ಹೊಸದಾಗಿ ಬಂದ ಅಡುಗೆಯವನು ಸೇನೆಯ ಅನ್ನ ಕೋಳಿಗೇಕೆ ಎಂದು ನಿಲ್ಲಿಸಿದ ಮೇಲೆ ಎದ್ದಿದ್ದವು. ಅಕ್ಕಿಯನ್ನು ಬಿಳಿ ಮಾಡುವಾಗ ಕಳೆದುಹೋಗುವ ತೌಡಿನಲ್ಲಿ ರಕ್ಷಕ ವಸ್ತುವೊಂದಿತ್ತು, ಅದೇ ಬಿ1, ಅಂದರೆ ಥಯಮಿನ್. ಐಕ್ಮನ್ನರಿಗೆ 1929ರಲ್ಲಿ ನೊಬೆಲ್ ಬಂತು. ಭತ್ತವನ್ನು ಬೇಯಿಸಿ ಒಣಗಿಸಿ ಕುಟ್ಟುವಾಗ ತೌಡಿನ ಬಿ1 ಅಕ್ಕಿಯ ಕಾಳಿನೊಳಕ್ಕೆ ಇಳಿಯುತ್ತದೆ; ಕುಚ್ಚಲಕ್ಕಿ ಉಣ್ಣುವವರಿಗೆ ಬೆರಿಬೆರಿ ಎಂಬ ಬಿ1 ಕೊರತೆಯ ಕಾಯಿಲೆ ಅಪರೂಪವಾದದ್ದು ಅದಕ್ಕೇ.

ಆದರೆ ನಿಮ್ಮ ತಮ್ಮನವರಿಗೆ ಗಂಜಿ ಕೊಟ್ಟು ಕಾಯುವ ಹೊತ್ತು ಇದಲ್ಲ. ಬಿ1 ದೇಹದಲ್ಲಿ ಎರಡು ಮೂರು ವಾರಕ್ಕಷ್ಟೇ ಸಾಕಾಗುವಷ್ಟು ಇರುತ್ತದೆ, ಮದ್ಯ ಅದರ ಹೀರಿಕೆಯನ್ನೂ ಕೆಡಿಸುತ್ತದೆ. ಕೊರತೆಯಾದಾಗ ಒಂದು ಕಡೆ ನರಗಳು ಸೋಲುತ್ತವೆ, ಪಾದ ಉರಿಯುತ್ತದೆ. ಇನ್ನೊಂದು ಕಡೆ ರಕ್ತನಾಳಗಳು ಸಡಿಲಾಗಿ, ಬಿ.ಪಿ.ಯ ಕೆಳಗಿನ ಅಂಕಿ ಇಳಿದು, ಹೃದಯ ಬಿಡುವಿಲ್ಲದೆ ಬಡಿದು ಬಡಿದು ದಣಿಯುತ್ತದೆ, ಕಾಲು ಬಾಯುತ್ತದೆ. ಕುಡಿತದಿಂದ ಯಕೃತ್ತು ಕೆಟ್ಟರೂ ಹೃದಯ ನೇರವಾಗಿ ಕೆಟ್ಟರೂ ಕಾಲು ಬಾಯುವುದರಿಂದ ಆಸ್ಪತ್ರೆಯಲ್ಲೇ ತೀರ್ಮಾನವಾಗಬೇಕು. ನೋಟ ಎರಡಾಗುವುದು, ನಡಿಗೆ ತೂರಾಡುವುದು, ಮಾತು ಗೊಂದಲವಾಗುವುದು ಕಂಡರೆ ಅಮಲು ಎಂದುಕೊಂಡು ಮಲಗಿಸಬೇಡಿ. ಅದು ಬಿ1 ಕೊರತೆಯಿಂದ ಮಿದುಳಿಗಾದ ಪೆಟ್ಟಿರಬಹುದು, ಗಂಟೆಗಳಲ್ಲಿ ಚಿಕಿತ್ಸೆ ಬೇಕು. “ಸುಸ್ತಿಗೆ ಒಂದು ಗ್ಲೂಕೋಸ್ ಹಾಕಿಸಿಬಿಡೋಣ” ಎಂದು ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ಯುವ ಮುನ್ನ ಎಚ್ಚರ: ಇಂಥವರಿಗೆ ಥಯಮಿನ್ ಇಂಜೆಕ್ಷನ್ ಕೊಡದೆ ಗ್ಲೂಕೋಸ್ ಮಾತ್ರ ಹರಿಸಿದರೆ ಉಳಿದಿದ್ದ ಬಿ1 ಸಹ ಖರ್ಚಾಗಿ ಸ್ಥಿತಿ ಬಿಗಡಾಯಿಸಬಹುದು. ಕುಡಿತದ ವಿಷಯವನ್ನು ಸಂಕೋಚಪಡದೆ ವೈದ್ಯರಿಗೆ ಹೇಳಿ.

ಪ್ರಶ್ನೆ: ಕೈಕಾಲು ಜುಮ್ಮೆನ್ನುತ್ತದೆ ಎಂದು ಮೂರು ವರ್ಷಗಳಿಂದ ನಾನಾಗಿಯೇ “ನರದ ಮಾತ್ರೆ” ತೆಗೆದುಕೊಳ್ಳುತ್ತಿದ್ದೇನೆ. ಜುಮ್ಮೆನ್ನುವುದು ಕಡಿಮೆಯಾಗುವ ಬದಲು ಹೆಚ್ಚಾಗಿದೆ. ಹೆಚ್ಚಾದ ಬಿ ಜೀವಸತ್ವ ಮೂತ್ರದಲ್ಲಿ ಹೋಗಿಬಿಡುತ್ತದಲ್ಲವೇ?
– ಓದುಗರೊಬ್ಬರು, ತುಮಕೂರು

ಉತ್ತರ: ಎಲ್ಲವೂ ಹೋಗಿಬಿಡುವುದಿಲ್ಲ. ಮೂತ್ರ ಕಡು ಹಳದಿಯಾಗುವುದು ಬಿ2 ಹೊರಹೋಗುತ್ತಿರುವುದರ ಗುರುತು, ಅಷ್ಟೆ. ಬಿ6, ಅಂದರೆ ಪಿರಿಡಾಕ್ಸಿನ್, ಹೆಚ್ಚು ಪ್ರಮಾಣದಲ್ಲಿ ದೀರ್ಘಕಾಲ ದೇಹ ಸೇರಿದರೆ ತಾನೇ ನರಗಳನ್ನು ಕೆಡಿಸುತ್ತದೆ, ಅದರ ಲಕ್ಷಣವೂ ಜುಮ್ಮೆನ್ನುವುದೇ. ದಿನದ ಅಗತ್ಯ ಎರಡು ಮಿಲಿಗ್ರಾಂ ಆಸುಪಾಸು; ನರದ ಮಾತ್ರೆ ಎಂದು ಮಾರುವ ಕೆಲವದರಲ್ಲಿ ಅದರ ಹಲವು ಪಟ್ಟು ಇರುತ್ತದೆ. ಪಟ್ಟಿಯ ಹಿಂದೆ ಪಿರಿಡಾಕ್ಸಿನ್ ಎಷ್ಟು ಮಿಲಿಗ್ರಾಂ ಎಂದು ಓದಿ, ಮಾತ್ರೆಯನ್ನು ನಿಲ್ಲಿಸಿ, ಆ ಪಟ್ಟಿಯನ್ನೇ ಹಿಡಿದುಕೊಂಡು ವೈದ್ಯರ ಬಳಿಗೆ ಹೋಗಿ. ಸಕ್ಕರೆ, ಥೈರಾಯ್ಡ್, ಬಿ12 ಪರೀಕ್ಷೆಗಳಾಗಲಿ. ಬಿ12 ಇರುವ ಮಾತ್ರೆಯನ್ನು ನೀವು ಈಗಾಗಲೇ ನುಂಗಿದ್ದರೆ ರಕ್ತದಲ್ಲಿ ಅದರ ಅಂಕಿ ಹೆಚ್ಚಾಗಿ ಕಾಣುವುದರಿಂದ, ಅದನ್ನೂ ವೈದ್ಯರಿಗೆ ಮೊದಲೇ ತಿಳಿಸಿ.

ಪ್ರಶ್ನೆ: ನನ್ನ ಮಗಳ ಕೂಸಿಗೆ ಹತ್ತು ತಿಂಗಳು, ಇನ್ನೂ ಎದೆಹಾಲೇ ಆಹಾರ. ಮೊದಲು ಕೂರುತ್ತಿದ್ದ ಮಗು ಈಗ ಕೂರುವುದಿಲ್ಲ, ನಗುವುದಿಲ್ಲ, ಬೆರಳ ಗೆಣ್ಣುಗಳು ಕಪ್ಪಾಗಿವೆ, ಕೈ ಸಣ್ಣಗೆ ನಡುಗುತ್ತದೆ. ಮಗಳು ಹಾಲನ್ನೂ ಮುಟ್ಟದ ಸಸ್ಯಾಹಾರಿ. ದೃಷ್ಟಿ ತೆಗೆಸಿದ್ದಾಯಿತು. ಇನ್ನೇನು ಮಾಡಬೇಕು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಈ ಸಂಚಿಕೆ ಕೈಗೆ ಬಂದ ದಿನವೇ ಮಗುವನ್ನು ಮಕ್ಕಳ ತಜ್ಞರಿಗೆ ತೋರಿಸಿ. ತಾಯಿಯಲ್ಲಿ ಬಿ12 ಇಲ್ಲದಿದ್ದರೆ ಎದೆಹಾಲಿನಲ್ಲೂ ಇರುವುದಿಲ್ಲ. ನೀವು ಬರೆದ ಚಿತ್ರ ಅಂಥ ಕೊರತೆಯಿಂದ ಬರುವ ಶಿಶುನಡುಕವನ್ನು ಬಹಳ ಹೋಲುತ್ತದೆ. ಬೆಳೆಯುತ್ತಿರುವ ಮಿದುಳಿಗೆ ಇದು ದೊಡ್ಡವರ ಪಾದದ ಜೋಮಿನಂತೆ ತಿಂಗಳುಗಟ್ಟಲೆ ಕಾಯುವ ವಿಷಯವಲ್ಲ. ಚಿಕಿತ್ಸೆ ಶುರುವಾದರೆ ಮಗು ಕೆಲವೇ ದಿನಗಳಲ್ಲಿ ಮುಖ ನೋಡಿ ನಗಲು ತೊಡಗುವುದುಂಟು, ನಡುಕ ಹೋಗಲು ವಾರಗಳು ಬೇಕು, ಮೊದಲಲ್ಲಿ ಅದು ಸ್ವಲ್ಪ ಹೆಚ್ಚಿದಂತೆ ಕಂಡರೂ ಗಾಬರಿ ಬೇಡ. ಮಗಳ ರಕ್ತವನ್ನೂ ಅದೇ ದಿನ ಪರೀಕ್ಷಿಸಿಸಿ, ಆಕೆಗೂ ಬಿ12 ಕೊಡಿಸಿ. ಎದೆಹಾಲು ನಿಲ್ಲಿಸಬೇಡಿ, ಅದರ ಜೊತೆಗೆ ಆರು ತಿಂಗಳಿಗೇ ಶುರುವಾಗಬೇಕಿದ್ದ ಮೇಲಾಹಾರವನ್ನು, ಹಾಲು-ಮೊಸರನ್ನೂ ಸೇರಿಸಿ, ಮಕ್ಕಳ ತಜ್ಞರು ಹೇಳಿದ ಕ್ರಮದಲ್ಲಿ ಈಗ ಆರಂಭಿಸಿ.